ಬೆಕ್ಕಿನ ಸ್ಕ್ಯಾನಲ್ಲಿ ಪಿತ್ತನಾಳ 6.2 ಮಿಮೀ ಅಂತ ಬಂದಿದೆ, ಗೊತ್ತಿರೋರು ದಯವಿಟ್ಟು ಹೇಳಿ

ಬೆಳ್ಳಿಯಮ್ಮ_ಮೈಸೂರು
ಸೋಮವಾರ ರಾತ್ರಿ 9:40

ಎಲ್ರಿಗೂ ನಮಸ್ಕಾರ. ನಮ್ಮನೆ ಬೆಳ್ಳಿಗೆ 9 ವರ್ಷ, ಬಿಳಿ ಮೈ ಬೂದು ಬಾಲ, ಆಪರೇಷನ್ ಆಗಿರೋ ಹೆಣ್ಣು, ತೂಕ 4.6 ಕೆಜಿ ಇದ್ದಿದ್ದು ಈಗ 4.1. ಹೋದ ಬುಧವಾರದಿಂದ ಊಟ ಬಿಟ್ಳು. ಮೊದಲ್ನೇ ದಿನ ಸೆಖೆಗಿರ್ಬೇಕು ಅಂತ ಸುಮ್ನಾದ್ವಿ, ಮಾರನೇ ದಿನ ಹಳದಿ ನೊರೆ ವಾಂತಿ ಮಾಡಿದ್ಲು, ಹತ್ರದ ಒಂದು ಕ್ಲಿನಿಕ್‌ಗೆ ಕರ್ಕೊಂಡು ಹೋದ್ವಿ, ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳ್ಸಿದ್ರು, ರಕ್ತ ಪರೀಕ್ಷೆ ಮಾಡ್ಲಿಲ್ಲ, ನಾನೂ ಕೇಳ್ಲಿಲ್ಲ. ಶನಿವಾರ ಬೆಳಗ್ಗೆ ಹಿತ್ಲು ಮೆಟ್ಟಿಲ ಮೇಲೆ ಕೂತಿದ್ಲು, ಎಳೆ ಬಿಸಿಲು ಹಿಂದಿನಿಂದ ಕಿವಿ ಮೇಲೆ ಬೀಳ್ತಿತ್ತು, ಆ ಬೆಳಕಲ್ಲಿ ಅವಳ ಕಿವಿ ಯಾವಾಗ್ಲೂ ತೆಳು ಗುಲಾಬಿಯಾಗಿ ಕಾಣೋದು, ಅವತ್ತು ಅರಿಶಿನ ನೀರಲ್ಲಿ ಅದ್ದಿ ತೆಗೆದ ಬಟ್ಟೆ ಥರ ಇತ್ತು. ಬಾಯಿ ಬಿಡಿಸಿ ನೋಡಿದ್ರೆ ಅಂಗುಳವೂ ಹಳದಿ. ಕೈಕಾಲು ತಣ್ಣಗಾಗೋಯ್ತು ನಂಗೆ.

ಬೇರೆ ಕಡೆ ರಕ್ತ ಪರೀಕ್ಷೆ ಮಾಡಿಸ್ದೆ. ಬಿಲಿರುಬಿನ್ (ಮೈ ಹಳದಿ ಮಾಡೋ ಅಂಶ) 4.8, ಲಿವರ್ ಮತ್ತು ಪಿತ್ತನಾಳದ ಎನ್ಜೈಮ್‌ಗಳು ಎಎಲ್‌ಟಿ 412, ಎಎಲ್‌ಪಿ 198, ಜಿಜಿಟಿ 14, ಪಿಸಿವಿ (ರಕ್ತದಲ್ಲಿ ಕೆಂಪುಕಣ ಶೇಕಡಾ ಎಷ್ಟಿದೆ ಅನ್ನೋದು) 31. ಇವತ್ತು ಸ್ಕ್ಯಾನ್ ಆಯ್ತು. ರಿಪೋರ್ಟಲ್ಲಿ ಬರ್ದಿರೋದು ಇಷ್ಟು: ಲಿವರ್ ಸ್ವಲ್ಪ ದೊಡ್ಡದು, ಪಿತ್ತಕೋಶದ ಗೋಡೆ 1.8 ಮಿಮೀ, ಒಳಗೆ ಸ್ಲಡ್ಜ್ (ಗಟ್ಟಿಯಾದ ಪಿತ್ತದ ಗಸಿ) ಇದೆ, ಪಿತ್ತನಾಳ (ಪಿತ್ತರಸವನ್ನ ಕರುಳಿಗೆ ಒಯ್ಯೋ ಕೊಳವೆ) 6.2 ಮಿಮೀ, ಅಂಕುಡೊಂಕಾಗಿದೆ, ಕಲ್ಲು ಕಂಡಿಲ್ಲ, ಗ್ಯಾಸ್ ಇರೋದ್ರಿಂದ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಸರಿಯಾಗಿ ಕಂಡಿಲ್ಲ. ನಾಳ ಬ್ಲಾಕ್ ಆಗಿರ್ಬಹುದು, ಆಪರೇಷನ್ ಬೇಕಾಗ್ಬಹುದು, ಎರಡು ದಿನದಲ್ಲಿ ನಿರ್ಧಾರ ಮಾಡಿ ಅಂದ್ರು. 6.2 ಅಂದ್ರೆ ಎಷ್ಟು ಕೆಟ್ಟದ್ದು? ಆಪರೇಷನ್ ಮಾಡಿಸ್ಲೇಬೇಕಾ?

ಪ್ರೋಬ್_ಹಿಡಿದವಳು
ಸೋಮವಾರ ರಾತ್ರಿ 10:25

ನಾನು ಪಶುವೈದ್ಯೆ, ದಿನಾ ಮಾಡೋ ಕೆಲ್ಸ ಅಲ್ಟ್ರಾಸೌಂಡ್. ಬೆಳ್ಳೀನ ನಾನು ನೋಡಿಲ್ಲ, ಹಾಗಾಗಿ ಟ್ರೀಟ್ಮೆಂಟ್ ನಿಮ್ಮ ಡಾಕ್ಟರ್ ಹತ್ರಾನೇ, ಆದ್ರೆ ರಿಪೋರ್ಟ್ ಹೇಗೆ ಓದ್ಬೇಕು ಅಂತ ಹೇಳ್ತೀನಿ.

ಆರೋಗ್ಯವಾಗಿರೋ ಬೆಕ್ಕಲ್ಲಿ ಪಿತ್ತನಾಳ ಸಾಮಾನ್ಯವಾಗಿ 4 ಮಿಮೀ ಒಳಗೆ ಇರತ್ತೆ. 5 ದಾಟಿದ್ರೆ ಅಡ್ಡಿ ಇದೆಯಾ ಅಂತ ಹುಡುಕ್ಬೇಕು, ಈ 5ರ ಗಡಿ 1996ರಲ್ಲಿ ಬೆಕ್ಕುಗಳ ಮೇಲೇ ಮಾಡಿದ ಅಧ್ಯಯನದಿಂದ ಬಂದಿದ್ದು, ಈಗ್ಲೂ ನಾವೆಲ್ಲ ಅದನ್ನೇ ಹಿಡ್ಕೊಂಡಿದೀವಿ. ಪಿತ್ತಕೋಶದ ಗೋಡೆ 1 ಮಿಮೀಗಿಂತ ತೆಳ್ಳಗಿರ್ಬೇಕು, ಬೆಳ್ಳಿದು 1.8, ಅಂದ್ರೆ ಅಲ್ಲಿ ಉರಿಯೂತ ಇರೋ ಸಾಧ್ಯತೆ ಜಾಸ್ತಿ. ಹಾಗಾಗಿ 6.2 ನಾರ್ಮಲ್ ಅಲ್ಲ, ಅದಂತೂ ಖಂಡಿತ. ಆದ್ರೆ ನಾಳ ಅಗಲ ಆಗಿದೆ ಅನ್ನೋದು ಬೇರೆ, ನಾಳ ಪೂರ್ತಿ ಮುಚ್ಚಿದೆ ಅನ್ನೋದು ಬೇರೆ. ಬೆಕ್ಕಲ್ಲಿ ಉರಿಯೂತ ಒಂದೇ ಸಾಕು ನಾಳ ಹಿಗ್ಗಿ ಬಳುಕಾಡೋಕೆ, ಮುಂಚೆ ಯಾವಾಗ್ಲೋ ಒಂದ್ಸಲ ಆಗಿ ವಾಸಿಯಾಗಿದ್ರೂ ಆ ಅಗಲ ಹಾಗೇ ಉಳ್ಕೊಳ್ಳತ್ತೆ. ನಾಳ ಅಂಕುಡೊಂಕಾಗಿರೋದು, ಪಿತ್ತಕೋಶ ಎರಡು ಹಾಲೆ ಥರ ಸೀಳಿರೋದು, ಇವೆಲ್ಲ ಎಷ್ಟೋ ಆರೋಗ್ಯವಂತ ಬೆಕ್ಕುಗಳಲ್ಲೂ ಕಾಣತ್ತೆ, ಗಾಬರಿ ಬೇಡ. ಇನ್ನೊಂದು, ಪಿತ್ತಕೋಶ ದೊಡ್ಡದಿದೆಯಾ ಚಿಕ್ಕದಿದೆಯಾ ಅನ್ನೋದನ್ನ ನಂಬ್ಕೊಂಡು ಕೂರೋಕಾಗಲ್ಲ, ನಾಳ ಮುಚ್ಚಿದ ಎಷ್ಟೋ ಬೆಕ್ಕಲ್ಲಿ ಪಿತ್ತಕೋಶ ಊದ್ಕೊಂಡೇ ಇರಲ್ಲ, ಎರಡು ದಿನ ಊಟ ಬಿಟ್ಟ ಆರೋಗ್ಯವಂತ ಬೆಕ್ಕಲ್ಲಿ ಸುಮ್ಮನೆ ತುಂಬ್ಕೊಂಡಿರತ್ತೆ.

ಸ್ಕ್ಯಾನ್ ಮಾಡಿದೋರ ಹತ್ರ ಹೋಗಿ ಕೇಳ್ಬೇಕಾದ್ದು ಇವು. ಆ 6.2 ಎಲ್ಲಿ ಅಳೆದ್ರು, ಪಿತ್ತಕೋಶದ ಹತ್ರಾನಾ, ಸಣ್ಣಕರುಳಿನ ಹತ್ರಾನಾ? ಒಳಗೋಡೆಯಿಂದ ಒಳಗೋಡೆಗೆ ಅಳೆದ್ರಾ? ನಾಳವನ್ನ ಕೊನೆ ತನಕ, ಅಂದ್ರೆ ಅದು ಕರುಳಿಗೆ ಸೇರೋ ಜಾಗದ ತನಕ ಹಿಂಬಾಲಿಸೋಕೆ ಆಯ್ತಾ? ಲಿವರ್ ಒಳಗಿನ ಸಣ್ಣ ನಾಳಗಳೂ ಹಿಗ್ಗಿದ್ವಾ? ಡಾಪ್ಲರ್ ಹಾಕಿ ನೋಡಿದ್ರಾ? ಇದರಲ್ಲಿ ಕೊನೆ ತನಕ ಹಿಂಬಾಲಿಸೋ ವಿಷಯವೇ ಮುಖ್ಯ, ಯಾಕಂದ್ರೆ ಅಡ್ಡಿ ಇದ್ರೆ ಸಾಮಾನ್ಯವಾಗಿ ಇರೋದೇ ಅಲ್ಲಿ, ನಿಮ್ಮ ರಿಪೋರ್ಟಲ್ಲಿ ಆ ಜಾಗದ ಬಗ್ಗೆ ಒಂದು ಸಾಲೂ ಇಲ್ಲ. ಕೊನೆ ನೋಡದೆ ಆಪರೇಷನ್‌ಗೆ ಹೂಂ ಅನ್ಬೇಡಿ.

ಹಾಸನದ_ಪಶುವೈದ್ಯ
ಸೋಮವಾರ ರಾತ್ರಿ 10:50

ಮೇಡಂ ಹೇಳಿದ್ದು ಸರಿ, ಆದ್ರೆ ಅದಕ್ಕಿಂತ ಮುಂಚೆ ಇವತ್ತು ರಾತ್ರಿ ಮಾಡ್ಬೇಕಾದ್ದು ಒಂದಿದೆ. ಐದು ದಿನ ಊಟ ಇಲ್ಲ ಅಂದ್ರೆ ಲಿವರ್‌ನಲ್ಲಿ ಕೊಬ್ಬು ತುಂಬೋಕೆ ಶುರುವಾಗಿರತ್ತೆ. ಬೆಕ್ಕು ನಾಯಿ ಥರ ಅಲ್ಲ, ಉಪವಾಸ ತಡ್ಕೊಳ್ಳಲ್ಲ, ಮೈಯಲ್ಲಿರೋ ಕೊಬ್ಬೆಲ್ಲ ಕರಗಿ ಲಿವರ್‌ಗೆ ಬಂದು ಕೂತ್ಕೊಳ್ಳತ್ತೆ, ಆಮೇಲೆ ಮೂಲ ಕಾಯಿಲೆಗಿಂತ ಇದೇ ದೊಡ್ಡದಾಗಿಬಿಡತ್ತೆ. ನಾಳೆ ಬೆಳಗ್ಗೆನೇ ಫೀಡಿಂಗ್ ಟ್ಯೂಬ್ ಬಗ್ಗೆ ಮಾತಾಡಿ. ಬಾಯಿಗೆ ಸಿರಿಂಜ್ ತುರುಕಿ ಬಲವಂತ ಮಾಡ್ಬೇಡಿ, ಊಟ ಅಂದ್ರೇನೇ ಅಸಹ್ಯ ಪಡೋಕೆ ಶುರು ಮಾಡತ್ತೆ.

ರಕ್ತದ ರಿಪೋರ್ಟ್ ಬಗ್ಗೆ: ಪಿಸಿವಿ 31 ಇದೆ, ಹಾಗಾಗಿ ರಕ್ತಕಣ ಒಡೆದು ಬಂದ ಕಾಮಾಲೆ ಅಲ್ಲ ಅನ್ಸತ್ತೆ, ಅಲ್ಲಿಗೆ ಒಂದು ಅನುಮಾನ ಹೋಯ್ತು. ಎಎಲ್‌ಪಿ 198 ಅಂದ್ರೆ ನಾಯಿಗಾದ್ರೆ ಅಷ್ಟೇನಿಲ್ಲ, ಬೆಕ್ಕಿಗೆ ದೊಡ್ಡ ಏರಿಕೆನೇ, ಬೆಕ್ಕಿನ ರಕ್ತದಲ್ಲಿ ಆ ಎನ್ಜೈಮ್ ಸುಮಾರು 6 ಗಂಟೆಯಲ್ಲೇ ಅರ್ಧಕ್ಕಿಳಿಯತ್ತೆ, ನಾಯೀಲಿ ಸುಮಾರು ಮೂರು ದಿನ ಬೇಕು. ಬರೀ ಕೊಬ್ಬಿನ ಲಿವರ್ ಆಗಿದ್ರೆ ಎಎಲ್‌ಪಿ ಮಾತ್ರ ಜಿಗಿದು ಜಿಜಿಟಿ ಹೆಚ್ಚು ಕಮ್ಮಿ ಅಲ್ಲೇ ಇರತ್ತೆ, ನಿಮ್ಮದ್ರಲ್ಲಿ ಜಿಜಿಟಿನೂ ಏರಿದೆ, ಅಂದ್ರೆ ತೊಂದ್ರೆ ಪಿತ್ತನಾಳದ ಕಡೆಯದ್ದೇ. ಸ್ಕ್ಯಾನೂ ರಕ್ತವೂ ಒಂದೇ ದಿಕ್ಕಿಗೆ ಬೆರಳು ತೋರಿಸ್ತಿವೆ.

ಕಡಲಕರೆ_ಶಾಂತಕ್ಕ
ಸೋಮವಾರ ರಾತ್ರಿ 11:15

ಪಾಪ ಮಾರಾಯ್ರೆ, ಓದಿ ಹೊಟ್ಟೆಯೆಲ್ಲ ಸಂಕಟ ಆಯ್ತು. ನಮ್ಮಲ್ಲಿ ಕಾಮಾಲೆಗೆ ನೆಲನೆಲ್ಲಿ ಬೇರುಸಮೇತ ಅರೆದು ಹಾಲಿನಲ್ಲಿ ಕೊಡುವ ಕ್ರಮ ಉಂಟು, ಅಜ್ಜಿ ಕಾಲದಿಂದ ಮನೆಯಲ್ಲಿ ಮಾಡಿಕೊಂಡು ಬಂದದ್ದು, ಮನುಷ್ಯರಿಗೆ ಗುಣ ಆದದ್ದು ನಾನೇ ನೋಡಿದ್ದೇನೆ. ಬೆಕ್ಕಿಗೆ ಸ್ವಲ್ಪ ಕೊಡಬಹುದಾ ಡಾಕ್ಟ್ರೇ? ಆಪರೇಷನಿಗಿಂತ ಮೊದಲು ಒಮ್ಮೆ ನೋಡಬಹುದಲ್ಲ ಅಂತ.

ಹಾಸನದ_ಪಶುವೈದ್ಯ
ಸೋಮವಾರ ರಾತ್ರಿ 11:30

ಶಾಂತಕ್ಕ, ನಿಮ್ಮ ಕಾಳಜಿ ಅರ್ಥ ಆಗತ್ತೆ, ನಮ್ಮನೇಲೂ ಅದನ್ನೇ ಮಾಡ್ತಿದ್ರು. ಬೆಕ್ಕಿಗೆ ಮಾತ್ರ ಬೇಡ. ಕಾಮಾಲೆ ಅನ್ನೋದು ಕಾಯಿಲೆಯ ಹೆಸರಲ್ಲ, ಹಳದಿ ಬಣ್ಣದ ಹೆಸರು, ಅದರ ಹಿಂದೆ ರಕ್ತಕಣ ಒಡೆಯೋದೋ, ಲಿವರ್ ಕೆಡೋದೋ, ನಾಳ ಕಟ್ಟೋದೋ ಯಾವುದೂ ಇರ್ಬಹುದು. ನಾಳ ಕಟ್ಟಿದ್ರೆ ಸೊಪ್ಪು ಅರೆದು ಕೊಟ್ರೆ ಬಿಚ್ಚಲ್ಲ, ಆ ಎರಡು ದಿನ ನಷ್ಟ ಆಗತ್ತೆ. ಬೆಕ್ಕಿನ ಲಿವರ್‌ಗೆ ನಮ್ಮ ಲಿವರ್ ಥರ ಎಲ್ಲಾ ಔಷಧಿ ಅರಗಿಸೋ ಶಕ್ತಿನೂ ಇಲ್ಲ. ಇದೇ ಕಾರಣಕ್ಕೆ ಯಾರೂ ಜ್ವರ ಅಂತ ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡ್ಬೇಡಿ, ಒಂದೇ ಮಾತ್ರೆಗೆ ಪ್ರಾಣ ಹೋಗತ್ತೆ.

ಕಡಲಕರೆ_ಶಾಂತಕ್ಕ
ಸೋಮವಾರ ರಾತ್ರಿ 11:34

ಆಯ್ತು ಡಾಕ್ಟ್ರೇ, ಗೊತ್ತಿರಲಿಲ್ಲ. ಒಳ್ಳೆಯದಾಯ್ತು ಕೇಳಿದ್ದು.

ಸಾಧನಕೇರಿ_ಸಂಗ್ಯಾ
ಮಂಗಳವಾರ ಬೆಳಗ್ಗೆ 6:55

ಅಕ್ಕಾರ, ನಮ್ಮ ಕೆಂಚಗ ಮೂರು ವರ್ಷದ ಹಿಂದ ಹಿಂಗ ಆಗಿತ್ರಿ. ಕೆಂಪು ಬೆಕ್ಕು, ಕೂದಲದಾಗ ಹಳದಿ ಗೊತ್ತಾಗಂಗಿಲ್ಲ, ನಮಗ ತಿಳಿಯೂದರಾಗ ಭಾಳ ತಡಾ ಆಗಿತ್ತು. ಸ್ಕ್ಯಾನ್ ಮಾಡಿದವರು ನಾಳ ದೊಡ್ಡದಾಗೇದ ಅಂದ್ರು, ಎಂಟು ಮಿಲಿಮೀಟರ್ ಇತ್ತು, ಕಲ್ಲು ಇಲ್ಲಾ ಅಂದ್ರು, ಕರುಳ ಕಡೆ ಗ್ಯಾಸ್ ಐತಿ ಕಾಣಂಗಿಲ್ಲ ಅಂತ ಅಲ್ಲಿಗೇ ಬಿಟ್ರು. ಉರಿಯೂತ ಇರಬೇಕಂತ ಹತ್ತು ದಿನ ಗುಳಿಗಿ ಕೊಟ್ವಿ. ಹಳದಿ ಇಳೀಲೇ ಇಲ್ಲ. ಆಮೇಲೆ ಬ್ಯಾರೆ ಕಡೆ ಹೋದಾಗ ಅವರು ನಾಳದ ಬೆನ್ನು ಹತ್ತಿ ಹೋಗಿ, ಕರುಳ ಕೂಡೂ ಜಾಗಾದಾಗ ಒಂದ ಕಾಳಿನಷ್ಟು ಗಂಟು ತೋರಿಸಿದ್ರು. ಆಪರೇಷನ್ ಮಾಡಿಸಿದ್ವಿ, ಮೂರು ದಿನಕ್ಕ ಹೋತು. ಮೊದಲನೇ ದಿನಾನೇ ಕಂಡಿದ್ರ ಉಳೀತಿತ್ತು ಅಂತ ನಾ ಹೇಳಂಗಿಲ್ರಿ, ಆದ್ರ ಆ ಹತ್ತು ದಿನ ನನ್ನ ಮನಸಿನ್ಯಾಗ ಇನ್ನೂ ಅದಾವು. ಅದಕ್ಕ ನಿಮಗ ಕೈ ಮುಗದು ಹೇಳತೇನಿ, ಮೇಡಂ ಅವರು ಬರದಾರಲ್ಲ ಕೊನೀ ತನಕ ನೋಡಿದ್ರೇನು ಅಂತ, ಅದೊಂದ ಪ್ರಶ್ನೆ ಬಿಡಬ್ಯಾಡ್ರಿ.

ಬೆಳ್ಳಿಯಮ್ಮ_ಮೈಸೂರು
ಮಂಗಳವಾರ ಬೆಳಗ್ಗೆ 8:10

ಸಂಗ್ಯಾ ಅಣ್ಣ, ಕೆಂಚನ ವಿಷಯ ಓದಿ ಕಣ್ಣಲ್ಲಿ ನೀರು ಬಂತು. ನೀವು ಇದನ್ನೆಲ್ಲ ಮತ್ತೆ ನೆನಪು ಮಾಡ್ಕೊಂಡು ಬರ್ದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಸ್ಕ್ಯಾನ್ ಮಾಡಿದೋರಿಗೆ ಫೋನ್ ಮಾಡ್ದೆ. 6.2 ಪಿತ್ತಕೋಶದಿಂದ ಸ್ವಲ್ಪ ಈಚೆ ಅಳೆದಿದ್ದಂತೆ, ಕೊನೆ ಕಾಣ್ಲಿಲ್ಲ, ಡಾಪ್ಲರ್ ಹಾಕಿಲ್ಲ. ನಮ್ಮ ಡಾಕ್ಟರ್‌ಗೆ ಇದನ್ನೇ ಹೇಳ್ದೆ, ಅವ್ರು ಬೇಜಾರು ಮಾಡ್ಕೊಳ್ಳದೆ ಬೆಂಗಳೂರಲ್ಲಿ ಸ್ಕ್ಯಾನ್ ಒಂದನ್ನೇ ಮಾಡೋ ಒಬ್ರ ಹತ್ರ ನಾಳೆಗೆ ಟೈಮ್ ತಗೊಂಡ್ರು. ಇವತ್ತು ಡ್ರಿಪ್ ಹಾಕಿ ವಾಂತಿಗೆ ಇಂಜೆಕ್ಷನ್ ಕೊಡ್ತಾರೆ, ಮೂಗಿನಿಂದ ಸಣ್ಣ ಟ್ಯೂಬ್ ಹಾಕಿ ಊಟ ಶುರು ಮಾಡ್ತಾರೆ. ಡಾಪ್ಲರ್ ಅಂದ್ರೆ ಏನಕ್ಕೆ ಅಂತ ಹೇಳ್ತೀರಾ ಮೇಡಂ?

ಪ್ರೋಬ್_ಹಿಡಿದವಳು
ಮಂಗಳವಾರ ಮಧ್ಯಾಹ್ನ 1:30

ಊಟ ಶುರುವಾಯ್ತಲ್ಲ, ಸಮಾಧಾನ ಆಯ್ತು.

ಲಿವರ್‌ನ ಬಾಗಿಲಲ್ಲಿ ಮೂರು ಕೊಳವೆ ಅಕ್ಕಪಕ್ಕ ಹೋಗತ್ತೆ, ಪೋರ್ಟಲ್ ವೇನ್ (ಕರುಳಿಂದ ಲಿವರ್‌ಗೆ ರಕ್ತ ತರೋ ನಾಳ), ಅಪಧಮನಿ, ಪಿತ್ತನಾಳ. ಸ್ಕ್ರೀನ್ ಮೇಲೆ ಮೂರೂ ಕಪ್ಪು ಗೆರೆನೇ, ಒಳಗೆ ದ್ರವ ಇರೋದೆಲ್ಲ ಕಪ್ಪಾಗೇ ಕಾಣತ್ತೆ. ಕಲರ್ ಡಾಪ್ಲರ್ ಹಾಕಿದ್ರೆ ರಕ್ತ ಹರಿಯೋ ಕೊಳವೆ ಕೆಂಪು ನೀಲಿ ಬಣ್ಣ ತುಂಬ್ಕೊಳ್ಳತ್ತೆ, ಪಿತ್ತನಾಳ ಮಾತ್ರ ಕಪ್ಪಾಗೇ ಉಳಿಯತ್ತೆ. ನಾನು ಪೋರ್ಟಲ್ ವೇನನ್ನೇ ದಾರಿಗಲ್ಲು ಮಾಡ್ಕೊಂಡು ಹೋಗ್ತೀನಿ, ಅದರ ಹೊಟ್ಟೆ ಕಡೆಗೆ ಒತ್ತಿಕೊಂಡು ನಾಳ ಸಿಗತ್ತೆ. ಅಳತೆ ತಪ್ಪಾಗೋದು ಇಲ್ಲೇ, ರಕ್ತನಾಳವನ್ನ ಪಿತ್ತನಾಳ ಅಂತ ಅಳೆದುಬಿಟ್ರೆ ಒಂದು ಬೆಕ್ಕಿಗೆ ಇಲ್ಲದ ಕಾಯಿಲೆ ಅಂಟತ್ತೆ.

ಇನ್ನೊಂದು ವಿಷಯ, ನಾಳ ಹಿಗ್ಗೋದಕ್ಕೆ ಒಂದು ಕ್ರಮ ಇದೆ. 1982ರಲ್ಲಿ ನಾಯಿಗಳ ನಾಳ ಕಟ್ಟಿ ನೋಡಿದ ಪ್ರಯೋಗದಲ್ಲಿ ಮೊದಲು ಪಿತ್ತಕೋಶದ ಕಡೆ, ಆಮೇಲೆ ದೊಡ್ಡ ನಾಳ, ಸುಮಾರು ಐದರಿಂದ ಏಳು ದಿನಕ್ಕೆ ಲಿವರ್ ಒಳಗಿನ ಸಣ್ಣ ನಾಳಗಳು ಹಿಗ್ಗಿದ್ವು. ಹಾಗಾಗಿ ಲಿವರ್ ಒಳಗೆ ಎಲ್ಲೆಲ್ಲೂ ಕೊಳವೆ ಕಾಣ್ತಿದ್ರೆ ಅಡ್ಡಿ ಹಳೇದು ಅಂತ ಅಂದಾಜು ಮಾಡ್ತೀವಿ, ಕಾಣದಿದ್ರೆ ಅಡ್ಡಿ ಇಲ್ಲ ಅಂತ ಮಾತ್ರ ಹೇಳೋ ಹಾಗಿಲ್ಲ, ಹೊಸದಿರ್ಬಹುದು.

ನಾಳೆ 8ರಿಂದ 10 ಗಂಟೆ ಖಾಲಿ ಹೊಟ್ಟೆ ಅಂತ ಹೇಳ್ಬಹುದು, ಗ್ಯಾಸ್ ಕಮ್ಮಿ ಇರ್ಲಿ ಅಂತ. ಇಷ್ಟು ದಿನ ಊಟ ಬಿಟ್ಟ ಬೆಕ್ಕಿಗೆ ಅಷ್ಟು ಹೊತ್ತು ನಿಲ್ಸೋದು ಬೇಕಾ ಅಂತ ಅವರನ್ನೇ ಕೇಳಿ, ನಾನಾದ್ರೆ ಕಮ್ಮಿ ಮಾಡ್ತೀನಿ. ಹೊಟ್ಟೆ ಕೂದಲು ಪೂರ್ತಿ ಬೋಳಿಸ್ತಾರೆ, ಬಲಗಡೆ ಪಕ್ಕೆಲುಬಿನ ತನಕ, ಬೇಡ ಅನ್ಬೇಡಿ, ಗ್ಯಾಸ್ ಇರೋವಾಗ ಆ ಪಕ್ಕೆಲುಬಿನ ಸಂದಿಯಿಂದಾನೇ ನಾಳ ಸಿಗೋದು.

ವೆಟ್_ವಿದ್ಯಾರ್ಥಿ_ಶಿವಮೊಗ್ಗ
ಮಂಗಳವಾರ ಸಂಜೆ 5:20

ಮೇಡಂ ನಂದೊಂದು ಡೌಟು. ಪ್ಯಾಂಕ್ರಿಯಾಸ್ ಕಾಣ್ಲಿಲ್ಲ ಅಂತ ರಿಪೋರ್ಟಲ್ಲಿದೆ, ಅದಕ್ಕೂ ಪಿತ್ತನಾಳಕ್ಕೂ ಅಷ್ಟು ಸಂಬಂಧ ಇದ್ಯಾ? ಕ್ಲಾಸಲ್ಲಿ ಟ್ರೈಯಾಡೈಟಿಸ್ ಅಂತ ಹೇಳಿದ್ರು ಆದ್ರೆ ನಂಗೆ ಪೂರ್ತಿ ಹಿಡೀಲಿಲ್ಲ. ಸಿಟಿ ಸ್ಕ್ಯಾನ್ ಮಾಡಿಸಿಬಿಟ್ರೆ ಎಲ್ಲಾ ಕಾಣಲ್ವಾ?

ಪ್ರೋಬ್_ಹಿಡಿದವಳು
ಮಂಗಳವಾರ ಸಂಜೆ 6:05

ಬೆಕ್ಕಲ್ಲಿ ಪಿತ್ತನಾಳವೂ ಪ್ಯಾಂಕ್ರಿಯಾಸ್ ನಾಳವೂ ಕರುಳಿಗೆ ಸೇರೋಕೆ ಸ್ವಲ್ಪ ಮುಂಚೆ ಒಂದಾಗಿ ಒಂದೇ ಬಾಗಿಲಿಂದ ಒಳಗೆ ಹೋಗತ್ತೆ, ಬಹಳಷ್ಟು ಬೆಕ್ಕಿಗೆ ಪ್ಯಾಂಕ್ರಿಯಾಸ್‌ಗೆ ಬೇರೆ ದಾರಿನೇ ಇರಲ್ಲ. ಎರಡು ಮನೆಗೆ ಒಂದೇ ಚರಂಡಿ ಅನ್ಕೋ, ಒಂದರಲ್ಲಿ ಕಟ್ಕೊಂಡ್ರೆ ಇನ್ನೊಂದಕ್ಕೂ ನುಗ್ಗತ್ತೆ. ಕರುಳಿನ ಬ್ಯಾಕ್ಟೀರಿಯಾ ಆ ಬಾಗಿಲಿಂದ ಮೇಲೆ ಹತ್ತಿದ್ರೆ ಎರಡಕ್ಕೂ ಸೋಂಕು. ಅದಕ್ಕೇ ಪಿತ್ತನಾಳ, ಪ್ಯಾಂಕ್ರಿಯಾಸ್, ಕರುಳು ಮೂರರಲ್ಲೂ ಒಟ್ಟಿಗೆ ಉರಿಯೂತ ಬರೋದು, ಅದೇ ನಿಮ್ಮ ಮೇಷ್ಟ್ರು ಹೇಳಿದ ಟ್ರೈಯಾಡೈಟಿಸ್. ಪ್ಯಾಂಕ್ರಿಯಾಸ್ ಊದ್ಕೊಂಡ್ರೆ ನಾಳವನ್ನ ಹೊರಗಿನಿಂದ ಅಮುಕಿ ಮುಚ್ಚತ್ತೆ, ಅಂಥ ಅಡ್ಡಿ ಊತ ಇಳಿದ್ಮೇಲೆ ತಾನಾಗೇ ಬಿಡೋದೂ ಇದೆ, ಆಗ ಕತ್ತರಿ ಹಾಕೋ ಅಗತ್ಯ ಇರಲ್ಲ. ಅದಕ್ಕೇ ಪ್ಯಾಂಕ್ರಿಯಾಸ್ ನೋಡದ ರಿಪೋರ್ಟ್ ಅರ್ಧ ರಿಪೋರ್ಟ್.

ಸಿಟಿ ಒಳ್ಳೇದೇ, ಆದ್ರೆ ಸಾಮಾನ್ಯವಾಗಿ ಅರಿವಳಿಕೆ ಬೇಕು, ಕಾಮಾಲೆ ಆಗಿರೋ ಬೆಕ್ಕಿಗೆ ಅದು ಸುಲಭದ್ದಲ್ಲ, ಖರ್ಚೂ ಜಾಸ್ತಿ. ಅಲ್ಟ್ರಾಸೌಂಡ್ ಆದ್ರೆ ಎಷ್ಟೋ ಬೆಕ್ಕು ಎಚ್ಚರ ಇದ್ದೇ ಮಾಡಿಸ್ಕೊಳ್ಳತ್ತೆ, ನಾಳೆ ಮತ್ತೆ ನೋಡ್ಬಹುದು, ನೋಡ್ತಾನೇ ಸೂಜಿ ಹಾಕಿ ಪಿತ್ತರಸ ತೆಗೀಬಹುದು.

ಟ್ಯಾಂಪಾ_ರಾಯರು
ಮಂಗಳವಾರ ರಾತ್ರಿ 8:45

ನಾವಿರೋದು ಫ್ಲೋರಿಡಾದಲ್ಲಿ, ಮೂಲ ತುಮಕೂರು. ಇಲ್ಲಿ ನಮ್ಮ ಬೆಕ್ಕಿಗೆ ಹೀಗೇ ನಾಳ ಹಿಗ್ಗಿತ್ತು, ಕಾರಣ ಹಲ್ಲಿ. ನಿಜವಾಗ್ಲೂ ಹಲ್ಲಿ. ಪ್ಲಾಟಿನೋಸೋಮಮ್ ಅನ್ನೋ ಲಿವರ್ ಹುಳ, ಮೊದಲು ನೆಲದ ಬಸವನಹುಳದಲ್ಲಿ ಬೆಳೆದು, ಅಲ್ಲಿಂದ ಮರದ ತೊಗಟೆ ಕೆಳಗೆ ಇರೋ ಸಣ್ಣ ಹುಳಗಳಿಗೆ, ಅಲ್ಲಿಂದ ಹಲ್ಲಿಗೆ, ಹಲ್ಲಿ ತಿಂದ ಬೆಕ್ಕಿನ ಪಿತ್ತನಾಳಕ್ಕೆ ಬಂದು ಸೇರ್ಕೊಳ್ಳತ್ತೆ. ಇಲ್ಲಿನ ಡಾಕ್ಟರ್‌ಗಳು ಕಾಮಾಲೆ ಬೆಕ್ಕು ಬಂದ್ರೆ ಮೊದಲು ಕೇಳೋದೇ ಹಲ್ಲಿ ತಿನ್ನತ್ತಾ ಅಂತ. ಹವಾಯಿ, ಕೆರಿಬಿಯನ್, ಬ್ರೆಜಿಲ್, ಮಲೇಷ್ಯಾ ಹೀಗೆ ಸೆಖೆ ಊರುಗಳಲ್ಲೆಲ್ಲ ಇದೆ. ನಮ್ಮದಕ್ಕೆ ಪಿತ್ತರಸದಲ್ಲಿ ಮೊಟ್ಟೆ ಸಿಕ್ತು, ಪ್ರಾಜಿಕ್ವಾಂಟೆಲ್ ಕೊಟ್ರು, ಮಾಮೂಲಿ ಹುಳದ ಡೋಸ್‌ಗಿಂತ ತುಂಬಾ ಜಾಸ್ತಿ, ಕೆಲವು ದಿನ ಸತತವಾಗಿ. ಬೆಳ್ಳಿ ಹಲ್ಲಿ ಹಿಡೀತಾಳಾ?

ಕಡಲಕರೆ_ಶಾಂತಕ್ಕ
ಮಂಗಳವಾರ ರಾತ್ರಿ 9:02

ಅಯ್ಯೋ ದೇವರೇ, ನಮ್ಮ ಮನೆಯದ್ದು ದಿನಾ ಸಂಜೆ ಟ್ಯೂಬ್‌ಲೈಟಿನ ಅಡಿಯಲ್ಲಿ ಕೂತು ಹಲ್ಲಿಯನ್ನೇ ಕಾಯುವುದು. ಮಲ ಪರೀಕ್ಷೆ ಮಾಡಿಸಿದರೆ ಗೊತ್ತಾಗ್ತದಾ?

ಹಾಸನದ_ಪಶುವೈದ್ಯ
ಮಂಗಳವಾರ ರಾತ್ರಿ 9:20

ಹಲ್ಲಿ ತಿನ್ನೋ ಬೆಕ್ಕೆಲ್ಲ ಹುಳ ಇರೋ ಬೆಕ್ಕಲ್ಲ ಶಾಂತಕ್ಕ, ಹೆದರ್ಬೇಡಿ. ಮಲ ಪರೀಕ್ಷೆ ಮಾಡಿಸಿ, ಆದ್ರೆ ಲ್ಯಾಬ್‌ನಲ್ಲಿ ಸೆಡಿಮೆಂಟೇಷನ್ (ತಳಕ್ಕೆ ಇಳಿಸೋ) ವಿಧಾನ ಅಂತ ಹೇಳಿ ಮಾಡಿಸಿ, ಮಾಮೂಲಿ ತೇಲಿಸೋ ವಿಧಾನದಲ್ಲಿ ಈ ಮೊಟ್ಟೆ ತಪ್ಪಿಸ್ಕೊಳ್ಳೋ ಸಾಧ್ಯತೆ ಜಾಸ್ತಿ. ಒಂದೇ ಸಲ ಸಿಗ್ದಿದ್ರೆ ಇಲ್ಲ ಅಂತಲ್ಲ. ನಾಳ ಪೂರ್ತಿ ಮುಚ್ಚಿದ್ರಂತೂ ಮೊಟ್ಟೆ ಕರುಳಿಗೇ ಇಳಿಯಲ್ಲ, ಆಗ ಮಲದಲ್ಲಿ ಹುಡುಕಿ ಪ್ರಯೋಜನ ಇಲ್ಲ, ಪಿತ್ತರಸದಲ್ಲೇ ನೋಡ್ಬೇಕು.

ಬೆಳ್ಳಿಯಮ್ಮ_ಮೈಸೂರು
ಬುಧವಾರ ರಾತ್ರಿ 10:30

ಬೆಂಗಳೂರಿಂದ ಈಗ ಬಂದ್ವಿ. ಎಲ್ಲಾ ಬರೀತೀನಿ, ಮುಂದೆ ಯಾರಿಗಾದ್ರೂ ಬೇಕಾಗತ್ತೆ.

ರೂಮು ಕತ್ತಲೆ, ಸ್ಕ್ರೀನ್ ಬೆಳಕು ಮಾತ್ರ. ಬೆಳ್ಳೀನ ವಿ ಆಕಾರದ ಸ್ಪಂಜಿನ ತೊಟ್ಟಿಲಲ್ಲಿ ಬೆನ್ನ ಮೇಲೆ ಮಲಗಿಸಿದ್ರು, ನಾನು ಮುಂಗಾಲು ಹಿಡ್ಕೊಂಡಿದ್ದೆ. ಬೋಳಿಸಿದ ಹೊಟ್ಟೆ ನೋಡಿದ್ರೆ ಚರ್ಮ ಎಲ್ಲ ಹಳದಿ, ಮಾಗಿದ ನಿಂಬೆಹಣ್ಣಿನ ಸಿಪ್ಪೆ ಬಣ್ಣ. ಜೆಲ್ ಬೆಚ್ಚಗೆ ಮಾಡಿ ಹಾಕಿದ್ರು, ಅದಕ್ಕೇ ಇರ್ಬೇಕು ಅವಳು ಬೆಚ್ಚಿ ಬೀಳ್ಲಿಲ್ಲ. ಡಾಕ್ಟರ್ ಮಾತಾಡ್ತಾನೇ ಮಾಡಿದ್ರು. ಇದು ಲಿವರ್, ಪಕ್ಕದ ಕೊಬ್ಬಿಗಿಂತ ಬೆಳ್ಳಗೆ ಕಾಣ್ತಿದೆ ನೋಡಿ, ಕೊಬ್ಬು ಸೇರ್ತಿದೆ ಅಂದ್ರು. ಕಲರ್ ಹಾಕಿದಾಗ ಒಂದು ದಪ್ಪ ಗೆರೆ ತಕ್ಷಣ ಕೆಂಪಾಯ್ತು, ಅದರ ಪಕ್ಕದ್ದು ಕಪ್ಪಾಗೇ ಉಳೀತು, ಅದೇ ನಾಳ, ಕಪ್ಪು ರಿಬ್ಬನ್ ಸುತ್ತಿ ಬಿಟ್ಟ ಹಾಗೆ ಎರಡು ಕಡೆ ಬಾಗಿತ್ತು. ಮೇಲೆ 6.0, ನಡುವೆ 5.4. ಕರುಳ ಹತ್ರ ಹೋದಾಗ ಗ್ಯಾಸ್ ಅಡ್ಡ ಬಂತು, ಅವ್ರು ಬಿಡ್ಲಿಲ್ಲ, ಬೆಳ್ಳೀನ ಎಡಗಡೆಗೆ ವಾಲಿಸಿ, ಬಲ ಪಕ್ಕೆಲುಬಿನ ಸಂದಿಗೆ ಪ್ರೋಬ್ ಇಟ್ಟು, ಮೆಲ್ಲಗೆ ಒತ್ತಿ ಕಾದ್ರು. ಅಷ್ಟೊತ್ತೂ ನಾನು ಕೆಂಚನ ಬಗ್ಗೆನೇ ಯೋಚ್ನೆ ಮಾಡ್ತಿದ್ದೆ ಅಣ್ಣ. ಆಮೇಲೆ ಅವ್ರೇ ಉಸಿರು ಬಿಟ್ರು. ನಾಳ ಕರುಳ ಹತ್ರ 3.8ಕ್ಕೆ ಸಣ್ಣಗಾಗ್ತಾ ಹೋಗಿ ಸೇರ್ಕೊಳ್ತಿತ್ತು, ಗಂಟು ಇಲ್ಲ, ಕಲ್ಲು ಇಲ್ಲ. ಕಲ್ಲಿದ್ರೆ ಅದರ ಹಿಂದೆ ಕಪ್ಪು ನೆರಳು ಬೀಳತ್ತೆ ಅಂತ ತೋರ್ಸೋಕೆ ಬೇರೆ ಬೆಕ್ಕಿನ ಫೋಟೋ ತೆಗೆದು ತೋರ್ಸಿದ್ರು. ಪ್ಯಾಂಕ್ರಿಯಾಸ್ ಮಾತ್ರ ಊದ್ಕೊಂಡಿದೆ, ಕಪ್ಪಗಾಗಿದೆ, ಸುತ್ತಲ ಕೊಬ್ಬು ಬೆಳ್ಳಗೆ ಹೊಳೀತಿತ್ತು. ಲಿವರ್ ಒಳಗಿನ ಸಣ್ಣ ನಾಳ ಹಿಗ್ಗಿಲ್ಲ.

ಪೂರ್ತಿ ಅಡ್ಡಿ ಇಲ್ಲ ಅನ್ಸತ್ತೆ, ಸೋಂಕು ಇದ್ಯಾ ನೋಡೋಣ ಅಂತ ಪಿತ್ತರಸ ತೆಗೆಯೋಕೆ ಕೇಳಿದ್ರು. ಮೊದಲು ರಕ್ತ ಹೆಪ್ಪುಗಟ್ಟೋ ಟೆಸ್ಟ್ ಮಾಡಿದ್ರು, ನಮ್ಮ ಡಾಕ್ಟರ್ ನಿನ್ನೇನೇ ವಿಟಮಿನ್ ಕೆ ಕೊಟ್ಟಿದ್ರಂತೆ, ಪಿತ್ತ ಕರುಳಿಗೆ ಇಳಿಯದಿದ್ರೆ ಆ ವಿಟಮಿನ್ ಮೈಗೆ ಹತ್ತಲ್ಲ, ಸೂಜಿ ಚುಚ್ಚಿದ ಕಡೆ ರಕ್ತ ನಿಲ್ಲಲ್ಲ ಅಂತ. ಮಂಪರು ಬರೋ ಹಾಗೆ ಇಂಜೆಕ್ಷನ್ ಕೊಟ್ಟು, ಸ್ಕ್ರೀನ್ ನೋಡ್ಕೊಂಡೇ ಸಣ್ಣ ಸೂಜಿ ಹಾಕಿ, ಸಿಕ್ಕಷ್ಟೂ ಪೂರ್ತಿ ತೆಗೆದ್ರು, ಉಳಿಸಿದ್ರೆ ಸೋರತ್ತಂತೆ. ಸಿರಿಂಜಲ್ಲಿ ಬಂದಿದ್ದು ಗಾಢ ಹಸಿರು, ತಳದಲ್ಲಿ ಬೂದಿಯಂಥದ್ದು ಕಲಕ್ತಿತ್ತು. ಲ್ಯಾಬ್‌ಗೆ ಹೋಗಿದೆ. ಅಲ್ಲೇ ಕುತ್ತಿಗೆಯಿಂದ ಅನ್ನನಾಳಕ್ಕೆ ಫೀಡಿಂಗ್ ಟ್ಯೂಬ್ ಕೂಡ ಹಾಕಿದ್ರು.

ಪ್ರೋಬ್_ಹಿಡಿದವಳು
ಬುಧವಾರ ರಾತ್ರಿ 11:10

ಓದಿ ತುಂಬಾ ಸಂತೋಷ ಆಯ್ತು. ಹೀಗೆ ನೋಡ್ಬೇಕು. ಕೊನೆಯಲ್ಲಿ ಸಣ್ಣಗಾಗ್ತಾ ಸೇರ್ಕೊಳ್ಳೋದು ಒಳ್ಳೇ ಲಕ್ಷಣ, ಗಂಟು ಅಥವಾ ಕಲ್ಲಿದ್ರೆ ನಾಳ ಅಗಲವಾಗೇ ಬಂದು ತಟ್ಟನೆ ನಿಂತುಹೋಗತ್ತೆ. ಪಿತ್ತ ತೆಗೆಯೋದು ಎಲ್ಲಾ ಬೆಕ್ಕಿಗೂ ಆಗಲ್ಲ, ಪಿತ್ತಕೋಶದ ಗೋಡೆ ಕೊಳೆತಿದ್ರೆ, ಗೋಡೆಯಲ್ಲಿ ಗಾಳಿ ಕಂಡ್ರೆ, ಹೊಟ್ಟೇಲಿ ನೀರು ಸೇರಿದ್ರೆ ನಾವು ಸೂಜಿ ಎತ್ತಲ್ಲ, ಅದನ್ನೂ ಅವ್ರು ನೋಡೇ ನಿರ್ಧಾರ ಮಾಡಿರ್ತಾರೆ. ಇಂದು ರಾತ್ರಿ ಹೊಟ್ಟೆ ಬಿಗಿಯಾಗತ್ತಾ, ತೀರಾ ಮಂಕಾಗ್ತಾಳಾ ನೋಡ್ತಿರಿ, ಹಾಗಾದ್ರೆ ಕಾಯ್ಬೇಡಿ, ಹೊರಟುಬಿಡಿ.

ಸಾಧನಕೇರಿ_ಸಂಗ್ಯಾ
ಗುರುವಾರ ಬೆಳಗ್ಗೆ 6:20

ಗಂಟು ಇಲ್ಲ ಅನ್ನೂದು ಓದಿ ಎದಿ ಹಗುರಾತ್ರಿ ಅಕ್ಕಾರ. ನಮ್ಮ ಮನಿಯವರಿಗೂ ಓದಿ ಹೇಳಿದೆ.

ಬೆಳ್ಳಿಯಮ್ಮ_ಮೈಸೂರು
ಮುಂದಿನ ಸೋಮವಾರ ಸಂಜೆ 7:15

ಪಿತ್ತರಸದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ) ರಿಪೋರ್ಟ್ ಬಂತು, ಇ ಕೋಲೈ ಅನ್ನೋ ಬ್ಯಾಕ್ಟೀರಿಯಾ ಬೆಳೆದಿದೆ. ಹುಳದ ಮೊಟ್ಟೆ ಸಿಕ್ಕಿಲ್ಲ ರಾಯರೇ, ಪಿತ್ತರಸದಲ್ಲಿ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡೋ ಬಿಳಿ ರಕ್ತಕಣ) ತುಂಬಿತ್ತಂತೆ. ನ್ಯೂಟ್ರೋಫಿಲಿಕ್ ಕೊಲಾಂಜೈಟಿಸ್ ಜೊತೆಗೆ ಪ್ಯಾಂಕ್ರಿಯಾಟೈಟಿಸ್ ಅಂತ ಬರ್ದಿದಾರೆ, ಅಂದ್ರೆ ಪಿತ್ತನಾಳ, ಪ್ಯಾಂಕ್ರಿಯಾಸ್ ಎರಡರಲ್ಲೂ ಉರಿಯೂತ. ಯಾವ ಆಂಟಿಬಯಾಟಿಕ್ ಕೆಲ್ಸ ಮಾಡತ್ತೆ ಅಂತಾನೂ ಬಂದಿದೆ, ಮೊದಲು ಶುರು ಮಾಡಿದ್ದನ್ನ ಅದರ ಪ್ರಕಾರ ಬದಲಾಯಿಸಿದ್ರು, ಕೆಲವು ವಾರ ಕೊಡ್ಬೇಕಂತೆ. ಬಿಲಿರುಬಿನ್ 2.1ಕ್ಕೆ ಇಳಿದಿದೆ. ಟ್ಯೂಬಲ್ಲಿ ದಿನಕ್ಕೆ ಐದು ಸಲ ಊಟ. ಇನ್ನೊಂದು ಕೇಳ್ಬೇಕಿತ್ತು, ಯಾರೋ ಪರಿಚಯದೋರು ಉರ್ಸೋ ಮಾತ್ರೆ ಯಾಕೆ ಮೊದಲ ದಿನಾನೇ ಕೊಡ್ಲಿಲ್ಲ ಅಂದ್ರು, ಈಗ ಶುರು ಮಾಡಿದಾರೆ.

ಹಾಸನದ_ಪಶುವೈದ್ಯ
ಮುಂದಿನ ಸೋಮವಾರ ರಾತ್ರಿ 8:40

ಸರಿಯಾಗೇ ಮಾಡಿದಾರೆ. ಉರ್ಸೋ ಪಿತ್ತ ಜಾಸ್ತಿ ಹರಿಯೋ ಹಾಗೆ ಮಾಡತ್ತೆ, ನಾಳ ಪೂರ್ತಿ ಮುಚ್ಚಿರೋವಾಗ ಕೊಟ್ರೆ ಹೋಗೋಕೆ ದಾರಿ ಇಲ್ಲದೆ ಒತ್ತಡ ಏರತ್ತೆ. ದಾರಿ ತೆರೆದಿದೆ ಅಂತ ಸ್ಕ್ಯಾನಲ್ಲಿ ಖಾತ್ರಿ ಆದ್ಮೇಲೇ ಶುರು ಮಾಡೋದು. ಇದೇ ಕಾಯಿಲೆ ಲಿಂಫೋಸೈಟಿಕ್ ರೀತೀದು (ಲಿಂಫೋಸೈಟ್ ಅನ್ನೋ ಬೇರೆ ಬಿಳಿ ರಕ್ತಕಣ ತುಂಬೋದು) ಆಗಿದ್ರೆ ಸ್ಟಿರಾಯ್ಡ್ ಬೇಕಾಗ್ತಿತ್ತು, ಸ್ಕ್ಯಾನಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾಣತ್ತೆ, ಪಿತ್ತರಸ ತೆಗೆದಿದ್ದಕ್ಕೇ ಗೊತ್ತಾಗಿದ್ದು. ನೋಡದೆ ಸ್ಟಿರಾಯ್ಡ್ ಕೊಟ್ಟಿದ್ರೆ ಸೋಂಕು ಇನ್ನೂ ಏರಿಬಿಡ್ತಿತ್ತು.

ವೆಟ್_ವಿದ್ಯಾರ್ಥಿ_ಶಿವಮೊಗ್ಗ
ಮುಂದಿನ ಸೋಮವಾರ ರಾತ್ರಿ 9:05

ಈ ಥ್ರೆಡ್ ಪೂರ್ತಿ ನೋಟ್ಸ್ ಮಾಡ್ಕೊಂಡಿದೀನಿ. ನಮ್ಮ ಪಕ್ಕದ್ಮನೆ ಪರ್ಷಿಯನ್ ಬೆಕ್ಕಿನ ಲಿವರಲ್ಲಿ ಕಪ್ಪು ಗುಂಡುಗಳು ಕಂಡಿದ್ವು, ಅದನ್ನೂ ನಾಳ ಹಿಗ್ಗಿದೆ ಅಂತ ಅನ್ಕೋಬಹುದಾ ಮೇಡಂ?

ಪ್ರೋಬ್_ಹಿಡಿದವಳು
ಮುಂದಿನ ಸೋಮವಾರ ರಾತ್ರಿ 9:30

ಅನ್ಕೋಬಾರ್ದು. ಗುಂಡಗೆ ಬೇರೆ ಬೇರೆಯಾಗಿದ್ರೆ ಸಿಸ್ಟ್ (ನೀರು ತುಂಬಿದ ಗುಳ್ಳೆ) ಇರ್ಬಹುದು, ಪ್ರೋಬ್ ತಿರುಗಿಸಿದಾಗ ಉದ್ದ ಕೊಳವೆಯಾಗಿ ಒಂದಕ್ಕೊಂದು ಸೇರ್ಕೊಂಡ್ರೆ ನಾಳ. ಪರ್ಷಿಯನ್‌ಗೆ ಅಪ್ಪ ಅಮ್ಮನಿಂದ ಬರೋ ಕಿಡ್ನಿ ಸಿಸ್ಟ್ ಕಾಯಿಲೆ ಇದೆ, ಅದರಲ್ಲಿ ಲಿವರಲ್ಲೂ ಸಿಸ್ಟ್ ಬರೋದುಂಟು, ಹಾಗಾಗಿ ಕಿಡ್ನಿ ನೋಡಿಸೋಕೆ ಹೇಳು.

ಬೆಳ್ಳಿಯಮ್ಮ_ಮೈಸೂರು
ಎಂಟು ವಾರದ ನಂತರ, ಭಾನುವಾರ ಬೆಳಗ್ಗೆ 9:15

ಮರ್ತಿಲ್ಲ ನಿಮ್ಮನ್ನೆಲ್ಲ, ಪೂರ್ತಿ ವಾಸಿ ಆದ್ಮೇಲೆ ಬರೀಬೇಕು ಅಂತ ಕಾದೆ. ಟ್ಯೂಬ್ ತೆಗೆದು ಐದು ವಾರ ಆಯ್ತು. ತೂಕ 4.5. ಮೊನ್ನೆ ಅದೇ ಡಾಕ್ಟರ್ ಹತ್ರ ಮತ್ತೆ ಸ್ಕ್ಯಾನ್ ಮಾಡಿಸಿದ್ವಿ, ಪಿತ್ತಕೋಶದ ಗೋಡೆ 0.9, ಸ್ಲಡ್ಜ್ ಸ್ವಲ್ಪ ಇದೆ, ಲಿವರ್ ಪ್ಯಾಂಕ್ರಿಯಾಸ್ ಚೆನ್ನಾಗಿದೆ, ಬಿಲಿರುಬಿನ್ 0.3. ಆದ್ರೆ ನಾಳ 4.7 ಇದೆ. ಮೂರನೇ ವಾರದಲ್ಲಿ 4.9 ಇತ್ತು. ಇನ್ನೂ 4ಕ್ಕೆ ಇಳಿದಿಲ್ಲ ಅಂತ ಒಂದು ಅಳುಕು ಹಾಗೇ ಇದೆ ಮೇಡಂ.

ಪ್ರೋಬ್_ಹಿಡಿದವಳು
ಭಾನುವಾರ ಬೆಳಗ್ಗೆ 10:40

ಇಳಿಯದೇನೂ ಇರ್ಬಹುದು. ಒಂದ್ಸಲ ಎಳೆದ ರಬ್ಬರ್ ಬ್ಯಾಂಡ್ ಪೂರ್ತಿ ಮೊದಲಿನ ಥರ ಆಗಲ್ಲ ಅಲ್ವಾ ಹಾಗೆ. ರಕ್ತ ಚೆನ್ನಾಗಿದೆ, ಗೋಡೆ ತೆಳ್ಳಗಾಗಿದೆ, ಅವಳು ಊಟ ಮಾಡ್ತಿದಾಳೆ, ಹಾಗಾಗಿ ಇನ್ಮುಂದೆ 4.7 ಅವಳ ನಾರ್ಮಲ್. ಅದನ್ನ ದಿನಾಂಕದ ಜೊತೆ, ಎಲ್ಲಿ ಅಳೆದಿದ್ದು ಅನ್ನೋದರ ಸಮೇತ ಬರೆದಿಡಿ, ಆ ಚಿತ್ರಗಳನ್ನ ಪೆನ್‌ಡ್ರೈವಲ್ಲಿ ಇಟ್ಕೊಳ್ಳಿ. ಎರಡು ವರ್ಷ ಬಿಟ್ಟು ಬೇರೆ ಯಾರೋ ಸ್ಕ್ಯಾನ್ ಮಾಡಿ ನಾಳ ಹಿಗ್ಗಿದೆ ಅಂದ್ರೆ ಹೋಲಿಸೋಕೆ ನಿಮ್ಮ ಹತ್ರ ಏನೋ ಒಂದು ಇರ್ಬೇಕು. ಈ ಕಾಯಿಲೆ ಮರುಕಳಿಸೋದುಂಟು, ಒಂದು ಹೊತ್ತು ಜಾಸ್ತಿ ಊಟ ಬಿಟ್ರೆ ಕಾಯ್ಬೇಡಿ, ಕಿವಿ ನೋಡಿ.

ಕಡಲಕರೆ_ಶಾಂತಕ್ಕ
ಭಾನುವಾರ ಬೆಳಗ್ಗೆ 11:05

ತುಂಬಾ ಖುಷಿ ಆಯ್ತು ಮಾರಾಯ್ರೆ. ನಮ್ಮದರದ್ದು ಮಲ ಪರೀಕ್ಷೆ ಎರಡು ಸಲ ಮಾಡಿಸಿದೆ, ಏನೂ ಇಲ್ಲ.

ಬೆಳ್ಳಿಯಮ್ಮ_ಮೈಸೂರು
ಭಾನುವಾರ ಮಧ್ಯಾಹ್ನ 12:20

ಫೈಲ್‌ನ ಮೊದಲ ಹಾಳೆ ಮೇಲೆ ಕೆಂಪು ಪೆನ್ನಲ್ಲಿ ಬರ್ದಿಟ್ಟೆ ಮೇಡಂ: ಬೆಳ್ಳಿ, ಪಿತ್ತನಾಳ ನಡುವೆ 4.7, ಕರುಳ ಹತ್ರ 3.2, ಗೋಡೆ 0.9. ಬರೀತಿರೋವಾಗ ಅವಳು ಬಂದು ಹಾಳೆ ಮೇಲೇ ಕೂತ್ಳು. ಹೊಟ್ಟೆ ಕೂದಲು ಅರ್ಧ ಬಂದಿದೆ, ಕಿಟಕಿ ಬಿಸಿಲಲ್ಲಿ ಕಿವಿ ಮತ್ತೆ ಗುಲಾಬಿ.